ಮೂಲೆ ಚೌಕದ ಹೆಸರು

ತೆಲಿಗಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಮೋರಿ ಇದೆ. ಹಳ್ಳದ ನೀರು ರಸ್ತೆಯ ಅಡಿಯಿಂದ ದಾಟಿ ಹೋಗಲಿ ಅಂತ ಕಟ್ಟಿದ್ದು. ಎರಡು ಕಲ್ಲಿನ ಗೋಡೆ, ಮೇಲೊಂದು ಚಪ್ಪಡಿ, ಎರಡೂ ಬದಿಗೆ ಕುರಿ ಕಾಯುವವರು ಕೂತು ಬೀಡಿ ಸೇದುವಷ್ಟು ಅಗಲದ ಕಟ್ಟೆ. ಕಚೇರಿಯಲ್ಲಿ ಅದರ ನಕ್ಷೆ ತೆಗೆದು ನೋಡಿದರೆ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೌಕ, ಚೌಕದೊಳಗೆ "ಬರೆದವರು" ಎಂಬ ಪದ, ಅದರ ಮುಂದೆ ದುಂಡಗೆ ನನ್ನ ಹೆಸರು. ಅಂಚಿನಲ್ಲಿ ತಾರೀಖೂ ಇದೆ. ಆ ತಾರೀಖಿಗೆ ನಮ್ಮ ಅವ್ವನ ಮದುವೆಯೇ ಆಗಿರಲಿಲ್ಲ.

ಇದೊಂದೇ ಅಲ್ಲ. ನಾನು ತೊಟ್ಟಿಲಲ್ಲಿದ್ದಾಗ ಹಡಗಲಿ ಕಡೆ ಒಂದು ಶಾಲೆ ಬರೆದಿದ್ದೇನೆ. ಹಾಲು ಬಿಡಿಸುವ ಹೊತ್ತಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ದನದ ದವಾಖಾನೆ. ಒಂದನೇ ಕ್ಲಾಸಿನಲ್ಲಿ ನಪಾಸಾಗಿ ಮೂಲೆಯಲ್ಲಿ ನಿಂತಿದ್ದ ವರ್ಷವಂತೂ ನನ್ನ ಕೈ ಬಹಳ ಓಡಿದೆ: ಏಳು ಮೋರಿ, ಒಂದು ಪ್ರವಾಸಿ ಬಂಗಲೆ. ಇಷ್ಟು ಚುರುಕಾದ ಕೂಸು ಬೆಳೆದ ಮೇಲೆ ಯಾಕೆ ಹೀಗಾಯಿತು ಅಂತ ಯಾರಾದರೂ ಕೇಳಿದರೆ ಕೊಡಲು ಉತ್ತರ ಬೇಕಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ಹೆಸರು ಬರೆಯುವ ಕೆಲಸದಲ್ಲಿ ನನ್ನ ಕೈ ಎಂಥದ್ದು ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ನಮ್ಮದು ಹೊಸಹಳ್ಳಿ ಕಡೆಯ ಕುರಿ ಸಾಕುವ ಮನೆ. ನನ್ನನ್ನು ಕುರಿ ಹಿಂದೆ ಕಳಿಸಿದರೆ ನಾನೊಂದು ಕಡೆ, ಕುರಿ ಒಂದು ಕಡೆ ಆಗುತ್ತಿದ್ದುದರಿಂದ ಅಪ್ಪ ನನ್ನನ್ನು ಓದಲು ಬಿಟ್ಟ. ನಕ್ಷೆ ಬರೆಯುವ ಐ.ಟಿ.ಐ. ಮುಗಿಸಿದೆ. ಎಂಬತ್ತರ ದಶಕದ ಶುರುವಿನಲ್ಲಿ, ರಸ್ತೆ, ಮೋರಿ, ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿ ಸೇರಿದೆ. ಕೆಲಸ ಹಂಗಾಮಿ. ಟ್ರೇಸರ್ ಅಂದರೆ ಬೇರೆಯವರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದಂತೆ ನುಣುಪಾದ, ಆಚೆಯದು ಈಚೆ ಕಾಣುವ ಬಟ್ಟೆ ಹಾಸಿ, ಗೆರೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆಯುವವನು. ಸ್ವಂತ ಬುದ್ಧಿ ಬೇಕಿಲ್ಲದ ಕೆಲಸ ಅಂದರು. ನನಗೆಂದೇ ಮಾಡಿಟ್ಟಂತಿತ್ತು.

ಮೊದಲ ತಿಂಗಳಲ್ಲೇ ಹೆಸರು ಮಾಡಿದೆ. ನಕ್ಷೆಯ ನೀಲಿ ಪ್ರತಿ ತೆಗೆಯಲು ಬಳಸುವ ಅಮೋನಿಯಾ ಬಾಟಲಿ ಕೆಡವಿ, ಬೀದಿಗೆ ಬೀದಿಯೇ ಕಣ್ಣೀರು ಹಾಕುವಂತೆ ಮಾಡಿದೆ. ಕಚೇರಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಅಂತ ಎದುರು ಮನೆಯ ಅಜ್ಜಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಒಂದು ಸುತ್ತು ಅತ್ತು ಹೋದಳು. ಇನ್ನೊಂದು ಸಲ ನಕ್ಷೆಯ ಮೇಲೆ ಚಹಾದ ಗ್ಲಾಸು ಇಟ್ಟೆ. ಅದರ ಉಂಗುರವನ್ನು ಮೇಲಿನ ಕಚೇರಿಯವರು ನೀರಿನ ತೊಟ್ಟಿ ಅಂದುಕೊಂಡು ಅದಕ್ಕೆ ಎಷ್ಟು ಸಿಮೆಂಟು ಬೇಕು ಅಂತ ಕಾಗದ ಬರೆದಿದ್ದರು.

ನನ್ನನ್ನು ಓಡಿಸದೆ ಇಟ್ಟುಕೊಂಡವರು ಹಿರಿಯ ನಕ್ಷೆಗಾರರು. ಊರೆಲ್ಲ ಅವರನ್ನು ನಕ್ಷೆ ಸಾಬರು ಅನ್ನುತ್ತಿತ್ತು. ನಾನು ಚಾಚಾ ಅನ್ನುತ್ತಿದ್ದೆ. ಅವರದು ಕೊಟ್ಟೂರಿನ ಕಡೆಯ ಬಡಗಿಗಳ ಮನೆತನ; ಅವರೊಬ್ಬರೇ ಉಳಿ ಬಿಟ್ಟು ಪೆನ್ಸಿಲ್ ಹಿಡಿದವರು. ಮೂವತ್ತು ವರ್ಷ ಆ ಒಂದೇ ಬೆಂಚಿನ ಮೇಲೆ ಕೂತು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಕೆಲಸಗಳನ್ನೆಲ್ಲ ಬರೆದಿದ್ದರು. ಊರಿಗೊಂದರಂತೆ ಐದು ಗಂಟು. ಬಟ್ಟೆಯಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟಿದ್ದ ಇನ್ನೂರ ಚಿಲ್ಲರೆ ಹಾಳೆ. ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಾಗಿದ್ದು ಅವರ ಹೆಬ್ಬೆರಳಿನಿಂದ. ನನ್ನ ಕೆಲಸವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಂತೆ ನಟಿಸಿ, ಮೆಲ್ಲಗೆ ಹೆಬ್ಬೆರಳು ಆಡಿಸುತ್ತಿದ್ದರು. ಬಟ್ಟೆಯ ಮೇಲೆ ಒಣಗಿದ ಶಾಯಿ ಕೂದಲೆಳೆಯಷ್ಟು ಎದ್ದು ನಿಂತಿರುತ್ತದೆ.

"ಈ ಗೆರಿ ನಡುವಿನಾಗ ಉಸಿರು ಬಿಟ್ಟೀಯಲೇ," ಅನ್ನುತ್ತಿದ್ದರು. ನೋಡಿದರೆ ನಿಜವಾಗಿಯೂ ಅಲ್ಲಿ ಗೆರೆ ಒಂದು ಚೂರು ದಪ್ಪಗಾಗಿರುತ್ತಿತ್ತು.

ಅವರ ಕೆಲಸದ ರೀತಿಯನ್ನು ಇಲ್ಲಿ ಹೇಳಿಬಿಡಬೇಕು. ಬಾಗಿಲು, ಕಿಟಕಿ, ಮೋರಿಯ ಕಟ್ಟೆಕಲ್ಲು, ಮೂಲೆಯ ಚೌಕ, ಇವೆಲ್ಲ ಪ್ರತಿ ನಕ್ಷೆಯಲ್ಲೂ ಬರುತ್ತವೆ. ಒಂದೊಂದನ್ನೂ ದಪ್ಪ ಕಾಗದದ ಮೇಲೆ ಒಮ್ಮೆ ಚೆನ್ನಾಗಿ ಬರೆದು ಇಟ್ಟಿದ್ದರು. ಅದಕ್ಕೆ ತಾಯಿ ಚೀಟಿ ಅನ್ನುತ್ತಿದ್ದರು. ಬೇಕಾದ ಕಡೆ ಬಟ್ಟೆಯ ಕೆಳಗೆ ಚೀಟಿ ಸರಿಸಿ, ಮೇಲೆ ಗೀರಿಕೊಂಡರೆ ಆಯಿತು. ಬಾಗಿಲಿನ ಅಳತೆ ಬದಲಾದರೆ ಮೊದಲು ತಾಯಿ ಚೀಟಿ ಬದಲಾಗಬೇಕು, ಆಮೇಲೆ ಅದರ ಮಕ್ಕಳು ಇದ್ದ ಹಾಳೆಗಳನ್ನೆಲ್ಲ ಹುಡುಕಿ, ಹಳೆಯದನ್ನು ಬ್ಲೇಡಿನಿಂದ ಕೆರೆದು, ಹೊಸದನ್ನು ಕೂರಿಸಬೇಕು. ಹೀಗೆ ಕೂರಿಸುವಾಗ ಪಾಲಿಸಲು ಒಂದು ನಿಯಮವಿತ್ತು. "ಅಕ್ಷರ ಟ್ರೇಸ್ ಮಾಡೋವಾಗ ಓದಬ್ಯಾಡ. ಓದಿದ್ರ ಕೈ ತಂದಾ ಅಕ್ಷರ ಬರಿಯಾಕ ಹತ್ತೈತಿ. ಹಾಳಿ ತಲೆಕೆಳಗ ಮಾಡ್ಕೊ. ಅವು ಅಕ್ಷರ ಅಲ್ಲ, ಗೆರಿ. ಗೆರಿ ಹಿಂದ ಹೋಗು." ನಾನು ಅವರ ಮಾತನ್ನು ಪೂರ್ತಿ ಕೇಳಿದ್ದು ಜೀವನದಲ್ಲಿ ಇದೊಂದೇ.

ಚಾಚಾರ ಮನೆ ಕಚೇರಿಯಿಂದ ಎರಡು ಓಣಿ ಆಚೆ. ಮಧ್ಯಾಹ್ನದ ಊಟಕ್ಕೆ ವಾರದಲ್ಲಿ ನಾಲ್ಕು ದಿನ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಉಳಿದ ಎರಡು ದಿನ ನಾನೇ ಹೋಗುತ್ತಿದ್ದೆ. ಚಾಚಿ ಹಗರಿಬೊಮ್ಮನಹಳ್ಳಿಯವರು, ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಅವರ ಬಾಯಿ ಬ್ಲೇಡಿಗಿಂತ ಚೂಪು.

"ಮೂವತ್ತು ವರ್ಷ ಮೋರಿ ಬರದ್ರಿ," ಅನ್ನುತ್ತಿದ್ದರು ರೊಟ್ಟಿ ಹಾಕುತ್ತ. "ಎಲ್ಲೈತ್ರಿ ನಿಮ್ಮ ಹೆಸರು? ಕಲ್ಲಿನ ಮ್ಯಾಲೆ ಮಂತ್ರಿದು ಐತಿ, ಗುತ್ತಿಗಿದಾರಂದು ಐತಿ. ನಮ್ಮ ಅಬ್ಬಾ ತಗಡಿನ ಡಬ್ಬಿ ಮಾಡ್ತಿದ್ದ. ಡಬ್ಬಿ ಅಡಿಗಾದ್ರೂ ತನ್ನ ಗುರುತು ಹೊಡಿತಿದ್ದ."

"ನಂದು ನಕ್ಷಿ ಮೂಲ್ಯಾಗ ಐತಿ."

"ಮೂಲ್ಯಾಗ! ಇಂಗ್ಲಿಷ್‌ನ್ಯಾಗ! ಅದು ನಿಮ್ಮ ಹೆಸರೋ, ಪೊಲೀಸ್ ಸ್ಟೇಷನ್ ಬೋರ್ಡೋ, ನನಗೇನು ತಿಳಿತೈತಿ?"

ಚಾಚಾ ನಗುತ್ತಿದ್ದರು. ಆದರೆ ಆ ಮಾತು ಅವರಿಗೆ ನಾಟುತ್ತಿತ್ತು. ಊಟ ಮುಗಿಸಿ ಬರುವಾಗ ದಾರಿಯಲ್ಲಿ ಒಂದು ದಿನ ಅವರಾಗಿಯೇ ಹೇಳಿದರು: ರಿಟೈರ್ ಆಗುವ ದಿನ ಕಚೇರಿಯ ಎಂಜಿನಿಯರ್ ಸಾಹೇಬರನ್ನು ಕೇಳಿ ಒಂದೇ ಒಂದು ನೀಲಿ ಪ್ರತಿ ಮನೆಗೆ ಒಯ್ಯಬೇಕು, ತಾನು ಬರೆದ ಮೊದಲನೆಯದು, ತೆಲಿಗಿ ಮೋರಿಯದು. ಅದರ ಮೂಲೆಯಲ್ಲಿ ತನ್ನ ಹೆಸರು ಇರುವುದನ್ನು ಆಕೆಗೆ ತೋರಿಸಬೇಕು. "ಕಣ್ಣು ಇರೂದ್ರಾಗ," ಅಂದರು. ಆಮೇಲೆ ತಕ್ಷಣ, "ಆಕಿ ಕಣ್ಣಲೇ, ನಂದಲ್ಲ," ಅಂತ ಸೇರಿಸಿದರು.

ಅದೇ ಹೊತ್ತಿಗೆ ಮೇಲಿನಿಂದ ಆದೇಶ ಬಂತು. ನಕ್ಷೆಗಳ ಮೂಲೆ ಚೌಕ ಇನ್ನು ಮುಂದೆ ಕನ್ನಡದಲ್ಲಿ ಇರಬೇಕು, ಹಳೆಯ ನಕ್ಷೆಗಳನ್ನೂ ತಿದ್ದಬೇಕು. ಕಚೇರಿಯೆಲ್ಲ ಗೊಣಗಿತು. ಚಾಚಾ ಒಬ್ಬರೇ ಹಬ್ಬದ ಹಿಂದಿನ ದಿನದಂತೆ ಓಡಾಡಿದರು. ಇನ್ನೂರು ಹಾಳೆಯಲ್ಲೂ ಅವರ ಹೆಸರು ಚಾಚಿ ಓದುವಂತೆ ಕನ್ನಡಕ್ಕೆ ಬರುತ್ತದಲ್ಲ.

ಅವರ ಕನ್ನಡ ಅಕ್ಷರ ಚೆನ್ನಾಗಿರಲಿಲ್ಲ, ಕಣ್ಣೂ ಇರಲಿಲ್ಲ. ಆದ್ದರಿಂದ ತಾಯಿ ಚೀಟಿಯಲ್ಲಿ ಕನ್ನಡ ಬರೆಯುವ ಕೆಲಸ ನನಗೆ ಬಂತು. ಕಚೇರಿಯ ಹೆಸರು, ಬರೆದವರು, ಪರಿಶೀಲಿಸಿದವರು, ಒಂದೊಂದಕ್ಕೆ ಒಂದೊಂದು ಮನೆ. "ಬರೆದವರು ಮುಂದ ಒಂದು ಹೆಸರು ಬರ್ದು ನೋಡು, ಎಷ್ಟು ಜಾಗ ಹಿಡಿತೈತಿ ಅಂತ," ಅಂದರು. ನಾನು ನನ್ನ ಹೆಸರನ್ನೇ ಬರೆದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಿಟ್ಟರೆ ನನ್ನ ಹೆಸರನ್ನು ಇಷ್ಟು ಮುತುವರ್ಜಿಯಿಂದ ಯಾರೂ ಯಾವತ್ತೂ ಬರೆದಿರಲಿಲ್ಲ, ಅಂಕಪಟ್ಟಿಯ ಮುಂದಿನ ಸಾಲುಗಳು ಓದುವಂತಿರಲೂ ಇಲ್ಲ. ಚಾಚಾ ಹೆಬ್ಬೆರಳು ಆಡಿಸಿ, "ಭೇಷ್. ಇದನ್ನ ನೋಡ್ಕೊಂಡು ಹೆಸರಿಲ್ದ ಇನ್ನೊಂದು ಚೀಟಿ ಮಾಡು. ಅದಾ ತಾಯಿ," ಅಂದರು.

ಆಮೇಲೆ ನನ್ನನ್ನು ಎದುರಿಗೆ ಕೂರಿಸಿ ಒಂದು ಹುಕುಂ ಪಟ್ಟಿ ಬರೆಸಿದರು. ಇವನಿಗೆ ಯೋಚನೆ ಮಾಡಲು ಎಲ್ಲೂ ಸಂದಿ ಸಿಗಬಾರದು ಅಂತ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಿದ್ದರು. ಗಂಟು ಬಿಚ್ಚು. ಒಂದು ಹಾಳಿ ತೆಗಿ. ಹಳೇ ಚೌಕದಾಗಿನ ಹೆಸರು ನೋಟ್‌ಬುಕ್ಕಿಗೆ ಬರ್ಕೋ. ಹಾಳಿ ತಲೆಕೆಳಗ ಮಾಡು. ಚೌಕ ಕೆರಿ. ಬಳಪದ ಪುಡಿ ತಿಕ್ಕು. ತಾಯಿ ಚೀಟಿ ಕೆಳಗ ಸರಿಸು. ಗೀರು. ಒಣಗಾಕ ಬಿಡು. ಮುಂದಿನ ಹಾಳಿ ತೆಗಿ. ಎಲ್ಲಾ ಮುಗಿದ ಮ್ಯಾಲೆ ನೋಟ್‌ಬುಕ್ ನೋಡ್ಕೊಂಡು ಹೆಸರು ತುಂಬು.

"ಹೆಸರು ಯಾಕ ಬರ್ಕೊಬೇಕು ಚಾಚಾ? ಎಲ್ಲಾ ನಿಮ್ದಾ ಐತಲ್ಲ."

"ಎಲ್ಲಾ ನಂದಲ್ಲ. ನನಗ ಕಲಿಸಿದವ್ರದು ಮೂರು ಹಾಳಿ ಅದಾವ. ಯಾವ ಮೂರು ಅಂತ ಹಾಳಿ ನೋಡಿದ್ರಷ್ಟಾ ಗೊತ್ತಾಕೈತಿ. ಬರ್ಕೋ."

ಮೊದಲ ದಿನ ಹರಪನಹಳ್ಳಿ ಗಂಟು ಬಿಚ್ಚಿದೆ. ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ಎರಡು ಹಾಳೆಗೆ ಎಲ್ಲ ಹೆಜ್ಜೆಗಳನ್ನೂ ಮಾಡಿದೆ. ಎರಡರಲ್ಲೂ ಚಾಚಾರ ಹೆಸರೇ. ಮೂರನೇ ಹಾಳೆಗೆ ನನಗೆ ಬುದ್ಧಿ ಬಂತು. ನನಗೆ ಬುದ್ಧಿ ಬಂದ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಕೆಂಪಗೆ ಗುರುತು ಮಾಡಿ ರಜೆ ಕೊಡಬೇಕು ಅಂತ ಈಗ ಅನಿಸುತ್ತದೆ. ಬರೆದುಕೊಳ್ಳುವ ಹೆಜ್ಜೆಯನ್ನು ಬಿಟ್ಟರೆ ದಿನಕ್ಕೆ ಐದು ಹಾಳೆ ಹೆಚ್ಚು ಆಗುತ್ತದೆ, ಆ ಮೂರು ಹಾಳೆ ಕಣ್ಣಿಗೆ ಬಿದ್ದಾಗ ಬರೆದುಕೊಂಡರಾಯಿತು ಅಂದುಕೊಂಡೆ. ಆದರೆ ಹಾಳೆಯನ್ನು ಗಂಟಿನಿಂದಲೇ ತಲೆಕೆಳಗಾಗಿ ಎಳೆಯಲು ಶುರು ಮಾಡಿದ ಮೇಲೆ ಕಣ್ಣಿಗೆ ಏನು ಬೀಳುತ್ತದೆ? ಹೆಸರಿಲ್ಲದ ಇನ್ನೊಂದು ಚೀಟಿ ಮಾಡುವುದನ್ನು ನಾಳೆಗೆ ಅಂತ ಇಟ್ಟಿದ್ದೆ. ಅದು ನಾಳೆಯಲ್ಲೇ ಉಳಿಯಿತು. ಹಲಗೆಯ ಮೇಲೆ ಪಿನ್ನು ಚುಚ್ಚಿ ಕೂತಿದ್ದದ್ದು ನನ್ನ ಹೆಸರಿದ್ದ ಮೊದಲ ಚೀಟಿ.

ಕೆರೆ, ತಿಕ್ಕು, ಗೀರು. ಅಕ್ಷರ ಅಲ್ಲ, ಗೆರೆ. ಗೆರೆಯ ಹಿಂದೆ ಹೋಗು. ಎಂಥ ವೇಗ ಅಂದರೆ ಸಾಹೇಬರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಇವನಿಗೆ ಯಾರೋ ಕೀಲಿ ಕೊಟ್ಟು ಬಿಟ್ಟಿದ್ದಾರೆ," ಅಂದರು. ನನ್ನನ್ನು ಖಾಯಂ ಮಾಡಲು ಕಾಗದ ಬರೆಯುತ್ತೇನೆ ಅಂತಲೂ ಅಂದರು. ಸಂಜೆ ಚಾಚಾ ಒಂದೊಂದು ಮೂಲೆಯ ಮೇಲೂ ಹೆಬ್ಬೆರಳು ಆಡಿಸಿ, "ನುಣ್ಣಗೈತಿ," ಅನ್ನುತ್ತಿದ್ದರು. ನುಣ್ಣಗೆ ಇತ್ತು ನಿಜ. ಬೆರಳಿಗೆ ತಗುಲಿದ ಹೆಸರು ತಮ್ಮದೇ ಅಂದುಕೊಂಡಿರಬೇಕು.

ಹರಪನಹಳ್ಳಿ ಮುಗಿಯಿತು, ಹಡಗಲಿ ಮುಗಿಯಿತು, ಹಗರಿಬೊಮ್ಮನಹಳ್ಳಿ ಮುಗಿಯಿತು. ಕೊಟ್ಟೂರಿನ ಗಂಟು ಅರ್ಧ ಆಗಿತ್ತು. ಒಂದು ಮಧ್ಯಾಹ್ನ ಗಾಳಿಗೆ ಒಂದು ಹಾಳೆ ಹಾರಿ ನೆಲಕ್ಕೆ ಬಿತ್ತು. ಎತ್ತಲು ಬಾಗಿದಾಗ ಅದು ನನಗೆ ನೇರವಾಗಿ ಬಿದ್ದಿತ್ತು. "ಬರೆದವರು," ಅದರ ಮುಂದೆ ನಾನು. ಒಂದು ಕ್ಷಣ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಣಗಿಸಲು ಹಗ್ಗಕ್ಕೆ ಹಾಕಿದ್ದ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಎಲ್ಲದರಲ್ಲೂ ನಾನೇ ಇದ್ದೆ.

ನಮ್ಮ ಮನೆಗಳಲ್ಲಿ ಕುರಿಗೆ ಕೆಮ್ಮಣ್ಣಿನ ಗುರುತು ಹಾಕುತ್ತಾರೆ. ಒಬ್ಬರದು ಬೆನ್ನಿಗೆ, ಒಬ್ಬರದು ಎಡ ತೊಡೆಗೆ. ಮಳೆಗೆ ಗುರುತು ಅಳಿದರೂ ಯಾರ ಕುರಿ ಅಂತ ಕೇಳಿ, ಅವರದನ್ನೇ ಮತ್ತೆ ಹಾಕಿ ಕಳಿಸುತ್ತಾರೆ. ಬೇರೆಯವರ ಕುರಿಯ ಮೇಲೆ ತನ್ನ ಗುರುತು ಹಾಕಿದವನ ಮನೆಗೆ ಹೆಣ್ಣು ಕೊಡುವುದಿಲ್ಲ, ಅವನ ಕೈಯ ನೀರು ಕುಡಿಯುವುದಿಲ್ಲ. ನಾನು ನೂರ ಎಪ್ಪತ್ತಕ್ಕೆ ಹಾಕಿದ್ದೆ.

ಆಗಲೇ ಎದ್ದು ಹೋಗಿ ಹೇಳಬೇಕಿತ್ತು. ಚಾಚಾ ಪಕ್ಕದ ಕೋಣೆಯಲ್ಲೇ ಇದ್ದರು, ಕೆಮ್ಮುವುದು ಕೇಳುತ್ತಿತ್ತು. ನಾನು ಹೇಳಲಿಲ್ಲ. ಸಂಜೆಯವರೆಗೂ ಸುಮ್ಮನೆ ಕೂತಿದ್ದು, ಹೆಸರಿಲ್ಲದ ಚೀಟಿ ಮಾಡಿ, ಮರುದಿನದಿಂದ ಉಳಿದ ಹಾಳೆಗಳಿಗೆ ಚಾಚಾರ ಹೆಸರನ್ನೇ ಬರೆಯುತ್ತ ಹೋದೆ. ಎಲ್ಲರಿಗೂ ನಾನು ಹೇಳುವ ಕಥೆಯಲ್ಲಿ ಈ ಮಧ್ಯಾಹ್ನ ಇರುವುದಿಲ್ಲ. ಕಥೆಯಲ್ಲಿ ನಾನು ಕೊನೆಯವರೆಗೂ ಪೆದ್ದನೇ. ಪೆದ್ದ ಅನ್ನಿಸಿಕೊಳ್ಳುವುದು ಎಷ್ಟು ಹಗುರ ಅನ್ನುವುದು ಅವತ್ತೇ ಗೊತ್ತಾಗಿದ್ದು.

ಕೆಟ್ಟದ್ದನ್ನು ಸರಿಮಾಡಲು ನೋಡಲಿಲ್ಲ ಅಂತಲ್ಲ. ಕೊಟ್ಟೂರಿನ ಗಂಟಿನಿಂದ ಯಾರೂ ಕೇಳದ ಒಂದು ಕಾಂಪೌಂಡ್ ಗೋಡೆಯ ನಕ್ಷೆ ತೆಗೆದು, ನನ್ನ ಹೆಸರು ಕೆರೆದು ಅವರ ಹೆಸರು ಬರೆದೆ. ಈ ಬಟ್ಟೆ ಒಂದು ಸಲದ ಕೆರೆತವನ್ನು ತಡೆಯುತ್ತದೆ, ಎರಡನೆಯದನ್ನು ತಡೆಯುವುದಿಲ್ಲ. ಗಂಜಿ ಹೋಗಿ ಬರಿಯ ನೂಲು ಉಳಿಯುತ್ತದೆ. ಶಾಯಿ ಮುಟ್ಟಿಸಿದ ಕೂಡಲೇ ಹರಡಿಕೊಂಡು, ಚಾಚಾರ ಹೆಸರು ತುಳಿದ ಜಿರಲೆಯ ಹಾಗಾಯಿತು. ಇನ್ನೊಮ್ಮೆ ಕೆರೆದೆ. ತೂತು ಬಿತ್ತು.

ನಿವೃತ್ತಿಯ ದಿನ ಹತ್ತಿರ ಬಂತು. ಯಾವುದು ಅಂತ ಕೇಳದೆಯೇ ಸಾಹೇಬರು ಒಂದು ಪ್ರತಿ ಒಯ್ಯಲು ಒಪ್ಪಿದ್ದರು. ಪ್ರತಿ ತೆಗೆಯಬೇಕಾದವನು ನಾನು. ತೆಲಿಗಿ ಮೋರಿಯ ಹಾಳೆಯನ್ನು ಎದುರಿಗೆ ಇಟ್ಟುಕೊಂಡು ಮಾಳಿಗೆಯ ಮೇಲೆ ಕೂತೆ. ಆಗ ಮತ್ತೆ ಬುದ್ಧಿ ಬಂತು. ಪ್ರತಿ ತೆಗೆಯುವುದು ಬಿಸಿಲಿನಲ್ಲಿ: ಗಾಜಿನ ಕೆಳಗೆ ಹಾಳೆ, ಅದರ ಕೆಳಗೆ ಮದ್ದು ಸವರಿದ ಕಾಗದ. ಬಿಸಿಲು ಬಿದ್ದ ಕಡೆ ಕಾಗದ ಬಿಳಿ ಆಗುತ್ತದೆ, ಗೆರೆಯ ನೆರಳು ಬಿದ್ದ ಕಡೆ ನೀಲಿ ಉಳಿಯುತ್ತದೆ. ನನ್ನ ಹೆಸರಿನ ಮೇಲೆ ಒಂದು ಕಪ್ಪು ಕಾಗದದ ತುಂಡು ಇಟ್ಟೆ. ಅಲ್ಲಿ ಉದ್ದನೆಯ ನೀಲಿ ಪಟ್ಟಿ ಬಂತು. ಮೈಲಿಗಲ್ಲಿಗೆ ಬಳಿಯುವ ಬಿಳಿ ಬಣ್ಣ ತಂದು, ಬೆಂಕಿಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು, ನೀಲಿಯ ಮೇಲೆ ಚಾಚಾರ ಹೆಸರು ಬರೆದೆ. ನನ್ನ ಕೈಯಿಂದ ಅಷ್ಟು ಚಂದದ ಅಕ್ಷರ ಹಿಂದೆ ಬಂದಿರಲಿಲ್ಲ, ಮುಂದೆಯೂ ಬಂದಿಲ್ಲ. ಬಸ್‌ಸ್ಟ್ಯಾಂಡಿನ ಬೋರ್ಡಿನ ಹಾಗೆ ಎದ್ದು ಕಾಣುತ್ತಿತ್ತು.

ಕಚೇರಿಯಲ್ಲಿ ಹಾರ, ಚೂಡಾ, ಚಹಾ, ಭಾಷಣ ಆಯಿತು. ಮಧ್ಯಾಹ್ನ ಚಾಚಾ ಹಾರವನ್ನು ನನ್ನ ಕೊರಳಿಗೆ ಹಾಕಿ, ನೀಲಿ ಪ್ರತಿಯನ್ನು ತಾವು ಹಿಡಿದುಕೊಂಡು ಮನೆಗೆ ನಡೆದರು. ಚಾಚಿ ಕೈ ಒರೆಸಿಕೊಂಡು ಬಂದು, ಪ್ರತಿಯನ್ನು ಮಂಚದ ಮೇಲೆ ಹಾಸಿದರು.

"ಏನು ಮನಿಯಪಾ ಇದು, ಬಾಗಿಲಾ ಇಲ್ಲ."

"ಮೋರಿಗೆ ಬಾಗಿಲು ಎಲ್ಲಿರ್ತೈತಿ? ಮೂಲ್ಯಾಗ ಓದು," ಅಂದರು ಚಾಚಾ.

ಚಾಚಿ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತ ಬಂದರು. "ಬ-ರೆ-ದ-ವ-ರು." ಮುಂದಿನದರ ಮೇಲೆ ಬೆರಳು ನಿಂತಿತು. ಮುಖ ಕೆಂಪಗಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗಂಡನ ಹೆಸರನ್ನು ಅವರು ಮದುವೆಯಾದಾಗಿನಿಂದ ಬಾಯಲ್ಲಿ ಹೇಳಿದವರಲ್ಲ.

"ಉಳಿದಿದ್ದು ನೀನಾ ಓದಪಾ," ಅಂದರು ನನಗೆ.

ನಾನು ಓದಿದೆ. ಜೋರಾಗಿ, ಓಣಿಗೆಲ್ಲ ಕೇಳುವಂತೆ, ಆ ಹೆಸರನ್ನು ನಾನೇ ಅವರಿಗೆ ದಾನ ಕೊಟ್ಟವನಂತೆ ಓದಿದೆ. ಚಾಚಿ ಕಣ್ಣೊರೆಸಿಕೊಂಡು, "ತಡಿ, ಪಾಯಸ ಮಾಡೀನಿ," ಅಂತ ಒಳಗೆ ಹೋದರು.

ಚಾಚಾ ಮಂಚದ ಪಕ್ಕ ಕೂತು, ಯಾವಾಗಿನಂತೆ ಕಾಗದದ ಮೇಲೆ ಹೆಬ್ಬೆರಳು ಆಡಿಸಿದರು. ಮೋರಿಯ ಮೇಲೆ, ಹಳ್ಳದ ಮೇಲೆ, ಆಮೇಲೆ ಮೂಲೆಯ ಮೇಲೆ. ಹೆಬ್ಬೆರಳು ಅಲ್ಲೇ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

"ಪ್ರಿಂಟಿನಾಗ ಅಕ್ಷರ ಏಳೂದಿಲ್ಲಲೇ," ಅಂದರು ಮೆಲ್ಲಗೆ. "ಇದು ಯಾಕ ಎದ್ದೈತಿ?"

ಉಗುರಿನಿಂದ ಒಂದು ಅಕ್ಷರದ ಅಂಚು ಕೆರೆದು ನೋಡಿದರು.

"ಬಣ್ಣ ಹಚ್ಚೀಯ. ಕೆಳಗ ಏನೈತಿ?"

"ಹಾಳ್ಯಾಗ ನನ್ನ ಹೆಸರೈತಿ ಚಾಚಾ."

"ನಿಂದು?"

"ಮೊದಲ್ನೇ ಚೀಟಿ... ಹೆಸರಿಂದು... ಅದಾ ಕೆಳಗ ಕುಂತಿತ್ತು."

"ಎಷ್ಟು ಹಾಳಿಗೆ?"

"ನೂರಾ ಎಪ್ಪತ್ತು."

ಅವರ ಹೊಟ್ಟೆ ಅಲುಗಿತು. ನಗುತ್ತಿದ್ದರು. "ಹುಟ್ಟೂಕಿಂತ ಮೊದ್ಲಾ ಮೋರಿ ಕಟ್ಟೀಯಲ್ಲೋ ಮಗನ! ಹೋಗ್ಲಿ ಬಿಡು, ಯಾವ್ದರ ಬಿದ್ರ ಪೊಲೀಸ್ರು ನಿನ್ನ ಹಿಡಿತಾರ, ನಾ ಆರಾಮ ಮಲಗ್ತೀನಿ."

ನಾನೂ ನಕ್ಕೆ. ಬದುಕಿದೆ ಅಂದುಕೊಂಡೆ.

"ನೋಟ್‌ಬುಕ್ ಐತಲ್ಲ. ಅದರಾಗ ನೋಡಿ ಒಂದು ಪಟ್ಟಿ ಮಾಡಿ ಇಡೋಣು," ಅಂದರು.

"ಬರ್ಕೊಂಡಿಲ್ಲ ಚಾಚಾ."

"ಆ ಮೂರು ಹಾಳಿ? ನನಗ ಕಲಿಸಿದವ್ರದು?"

"ಯಾವ ಮೂರು ಅಂತ ನಾ ನೋಡ್ಲೇ ಇಲ್ಲ."

ನಗು ಅಲ್ಲಿಗೆ ನಿಂತಿತು. ಚಾಚಾ ಪ್ರತಿಯನ್ನು ಅಂಚು ಹಿಡಿದು ನಿಧಾನಕ್ಕೆ ಸುರುಳಿ ಸುತ್ತಿದರು. ತಮ್ಮ ಹೆಸರು ಹೋಗಿದ್ದಕ್ಕೆ ನಕ್ಕ ಮನುಷ್ಯ, ಯಾವತ್ತೋ ಸತ್ತುಹೋದ ಇನ್ನೊಬ್ಬರ ಮೂರು ಹಾಳೆಗೆ ಬಾಯಿ ಮುಚ್ಚಿಕೊಂಡರು. ಚಾಚಿ ಪಾಯಸ ತಂದರು. "ಎಲ್ಲಿ ತೂಗಹಾಕೋಣ್ರಿ?" ಅಂತ ಗೋಡೆ ನೋಡುತ್ತ ಕೇಳಿದರು. "ಆಮ್ಯಾಲೆ ನೋಡೋಣು," ಅಂದರು ಚಾಚಾ. ನಾನು ಎರಡು ಬಟ್ಟಲು ಪಾಯಸ ತಿಂದೆ. ನನ್ನ ಹೊಟ್ಟೆಗೆ ನಾಚಿಕೆ ಅನ್ನುವುದು ಮೊದಲಿನಿಂದಲೂ ಇಲ್ಲ.

ಪ್ರತಿ ಗೋಡೆಗೆ ಬರಲಿಲ್ಲ. ಒಂದು ವರ್ಷ ಕಳೆಯಿತು. ಪೊರೆ ತೆಗೆಸಿದರು, ಆದರೆ ಅದು ಬಲಿತು ಬಹಳ ದಿನ ಆಗಿತ್ತು ಅಂತ ವೈದ್ಯರು ಹೇಳಿದರಂತೆ. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು ಮಾತ್ರ. ನಾನು ಊಟಕ್ಕೆ ಹೋಗುವುದು ವಾರಕ್ಕೆ ಒಂದು ದಿನಕ್ಕೆ ಇಳಿಯಿತು, ಆಮೇಲೆ ಹಬ್ಬಕ್ಕೆ ಇಳಿಯಿತು.

ಆ ಮಳೆಗಾಲದಲ್ಲಿ ತೆಲಿಗಿ ಮೋರಿಯ ಒಂದು ಗೋಡೆ ಸ್ವಲ್ಪ ಕುಸಿಯಿತು. ಮೇಲಿನ ಕಚೇರಿಯವರು ನಕ್ಷೆ ತರಿಸಿಕೊಂಡು ನೋಡಿ ಒಂದು ಕಾಗದ ಬರೆದರು. ಎಡಗಡೆಯ ಗೋಡೆಯ ಅಡಿಪಾಯ ಬಲಗಡೆಯದಕ್ಕಿಂತ ಎರಡು ಅಡಿ ಆಳ ಯಾಕಿದೆ? ಮತ್ತೆ ಕಟ್ಟುವಾಗ ಎರಡನ್ನೂ ಒಂದೇ ಮಾಡಬಹುದೇ? ನಕ್ಷೆ ಬರೆದವರು ವಿವರಣೆ ನೀಡತಕ್ಕದ್ದು. ಕೆಳಗೆ, ಬರೆದವರ ಹೆಸರು. ಕಾಗದ ನೇರವಾಗಿ ನನ್ನ ಮೇಜಿಗೆ ಬಂತು. ಯಾರೂ ತಾರೀಖು ನೋಡಿರಲಿಲ್ಲ.

ಚಾಚಾರ ಮನೆಗೆ ಹೋದೆ. ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಕಾಗದ ಓದಿ ಹೇಳಿದೆ.

"ಬರೆದವರು ಯಾರು ಅಂತೈತಿ?" ಅಂದರು.

"ನನ್ನ ಹೆಸರು."

"ಹಂಗಾದ್ರ ನೀನಾ ಹೇಳು."

ಒಳಗಿನಿಂದ ಚಾಚಿ, "ಎಷ್ಟು ದಿನಕ್ಕ ಬಂದೀಯಪಾ, ದಾರಿ ಮರ್ತಿತ್ತೇನು?" ಅಂತ ಚಹಾ ತಂದಿಟ್ಟು ಹೋದರು. ನಾನು ಚಹಾ ಕುಡಿಯದೆ ಕೂತೆ. ಅದು ಆರಿತು. ಕೊನೆಗೆ ಚಾಚಾರೇ ಬಾಯಿ ಬಿಟ್ಟರು.

"ಎಡಕ್ಕ ಹಳೇ ಬಾವಿ ಇತ್ತು. ಮುಚ್ಚಿದ್ರು. ಮ್ಯಾಲೆ ನೋಡಿದ್ರ ಗೊತ್ತಾಗಾಕಿಲ್ಲ, ಅಲ್ಲಿ ಕುರಿ ಕಾಯೋ ಮುದುಕಿ ಹೇಳಿದ್ಲು. ನಾ ಹಾರೆ ಹಾಕಿ ಹಾಕಿ ನೋಡ್ದೆ, ಗಟ್ಟಿ ನೆಲ ಸಿಗೂದ್ರಾಗ ಎರಡಡಿ ಕೆಳಗ ಹೋತು. ಅದಕ್ಕಾ ಆಳ. ಒಂದಾ ಮಾಡ್ಬ್ಯಾಡ್ರಿ ಅಂತ ಬರಿ. ಮಾಡಿದ್ರ ಬಸ್ಸು ಸಮೇತ ಹೋಗ್ತಾರ."

ಮೂವತ್ತು ವರ್ಷದ ಹಿಂದಿನ ಹಾರೆಯ ಏಟುಗಳನ್ನು ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಈ ಸಲ ಎಲ್ಲವನ್ನೂ ಬರೆದುಕೊಂಡೆ. ಎದ್ದು ನಿಂತಾಗ ಕೇಳಿದರು:

"ಕೆಳಗ ಯಾರ ಹೆಸರು ಹಾಕ್ತಿ?"

"ನಿಮ್ದಾ ಚಾಚಾ. ಮತ್ತ ಯಾರ್ದು? ಒಂದು ಪ್ರತಿ ತಂದು ಚಾಚಿ ಕೈಯಾಗ ಕೊಡ್ತೀನಿ."

"ಹೂಂ," ಅಂದರು. ಮುಖ ಬಿಸಿಲಿನ ಕಡೆ ತಿರುಗಿತು.

ಕಚೇರಿಯಲ್ಲಿ ವಿವರಣೆಯನ್ನು ಶುದ್ಧವಾಗಿ ಬರೆದೆ. ಬಾವಿ, ಮುದುಕಿ, ಹಾರೆ, ಎರಡು ಅಡಿ. ಸಾಹೇಬರೂ ತಾರೀಖು ನೋಡದೆ ಓದಿ ಬೆರಗಾದರು. "ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ವಿಚಾರ ಮಾಡ್ತೀಯಾ? ಸಹಿ ಹಾಕಿ ಕೊಡು, ಇವತ್ತೇ ಹೋಗಲಿ. ನಿನ್ನ ಖಾಯಂ ಕಾಗದವೂ ನನ್ನ ಮೇಜಿನ ಮೇಲಿದೆ," ಅಂದರು.

ಚಾಚಾರ ಹೆಸರು ಬರೆದರೆ ಮೊದಲ ಪ್ರಶ್ನೆ ಬರುತ್ತದೆ: ನಕ್ಷೆಯಲ್ಲಿ ನಿನ್ನ ಹೆಸರು ಯಾಕಿದೆ? ಅದರ ಹಿಂದೆಯೇ ನೂರ ಎಪ್ಪತ್ತು ಹಾಳೆ ಬರುತ್ತವೆ. ಪೆನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದೆ ಅನ್ನುವುದನ್ನು ಹೆಚ್ಚು ಮಾಡಿ ಹೇಳಬೇಕು ಅನಿಸುತ್ತದೆ. ನಿಜ ಹೇಳಬೇಕೆಂದರೆ ಬಹಳ ಹೊತ್ತು ನಿಲ್ಲಲಿಲ್ಲ. ನನ್ನ ಹೆಸರು ಬರೆದೆ.

ಆ ಪ್ರತಿಯನ್ನು ಚಾಚಿಗೆ ಒಯ್ದು ಕೊಡಲಿಲ್ಲ. ಈಗ ನಾನು ಖಾಯಂ ನೌಕರ. ಊಟಕ್ಕೆ ಹೋಟೆಲಿಗೆ ಹೋಗುವಾಗ ಅವರ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತೇನೆ. ಗೆಳೆಯರು ಸೇರಿದಾಗ ತೊಟ್ಟಿಲಲ್ಲೇ ಶಾಲೆ ಬರೆದವನ ಕಥೆ ಹೇಳು ಅನ್ನುತ್ತಾರೆ, ಹೇಳುತ್ತೇನೆ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹಾಳೆ ತಲೆಕೆಳಗೆ ಇತ್ತಲ್ಲ, ಪಾಪ ಅವನಿಗೆ ಹೇಗೆ ಗೊತ್ತಾಗಬೇಕು ಅಂತ ಯಾರೋ ಒಬ್ಬರು ನನ್ನ ಪರ ಮಾತಾಡುತ್ತಾರೆ. ನಾನು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಎರಡನೇ ಸಲ ನನ್ನ ಹೆಸರು ಬರೆದ ಕಾಗದ ತಲೆಕೆಳಗೆ ಇರಲಿಲ್ಲ.